ತೊಟ್ಟಿಯ ಮುಂದೆ ಹೇಳದ ಮಾತು

ಕೊಟ್ಟಿಗೆಹಾರ

ವಿಮಾನ ಹತ್ತುವ ಮೊದಲೇ ನನ್ನ ಪ್ರವಾಸದ ಮೊದಲ ಅನಾಹುತ ಆಯಿತು. ಉಮ್ಮ ಕಟ್ಟಿಕೊಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿ ಬ್ಯಾಗಿನೊಳಗೆ ಸೋರಿ, ಹೊಸದಾಗಿ ಹೊಲಿಸಿಕೊಂಡಿದ್ದ ಲ್ಯಾಬಿನ ಬಿಳಿ ಕೋಟಿನ ಬೆನ್ನಿಗೆ ವಿಯೆಟ್ನಾಂ ನಕ್ಷೆಯ ಹಾಗೆ ಉದ್ದಕ್ಕೆ ಹಳದಿ ಕಲೆ ಹಿಡಿಸಿತು. ಬೆಂಗಳೂರಿನ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಕೋಟನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದೆ. ನೀನು ಹೋಗಬೇಕಾದ ಜಾಗ ಅಲ್ಲ ಅದು ಅಂತ ಕೋಟೇ ಮೊದಲು ಹೇಳಿತಲ್ಲ ಅನಿಸಿತು.

ನಾನು ಸಫಿಯಾ. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಸಿಗುವ ಕೊಟ್ಟಿಗೆಹಾರ ನಮ್ಮೂರು. ಅಬ್ಬ ಪಲ್ಪರ್ ಮೆಕ್ಯಾನಿಕ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಕೊಯ್ಲಿನ ಕಾಲದಲ್ಲಿ ಕೆಟ್ಟರೆ ಎಸ್ಟೇಟಿನವರಿಗೆ ಜ್ವರ ಬಂದ ಹಾಗೆ. ಆಗ ಅಬ್ಬನ ಸ್ಕೂಟರ್ ಸದ್ದಿಗೆ ಕಾಯುತ್ತಿರುತ್ತಾರೆ. ನಮ್ಮ ಮನೆತನದಲ್ಲಿ, ಅಬ್ಬನ ಕಡೆ, ಉಮ್ಮನ ಕಡೆ ಎರಡೂ ಸೇರಿಸಿ, ಡಿಗ್ರಿ ಮುಗಿಸಿದವರು ನಾನೊಬ್ಬಳೇ. ರಸಾಯನಶಾಸ್ತ್ರ. ಇದನ್ನು ನಾನು ಕೇಳದವರಿಗೂ ಹೇಳುತ್ತೇನೆ. ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ ಚಿಕ್ಕಮಗಳೂರಿಗೆ ಹೋಗಿಬರುತ್ತಾ, ನಿಂತುಕೊಂಡೇ ಓದಿ ಪಾಸಾದವಳು. ಈಗ ಚಿಕ್ಕಮಗಳೂರಿನಲ್ಲಿ, ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸಿನ ಲ್ಯಾಬಿನಲ್ಲಿ ಕೆಲಸ. ಕಾಫಿಯ ತೇವ, ಹುಳಿ, ರುಚಿ ನೋಡುವುದು.

ಹೆಮ್ಮೆ ಇರುವವರಿಗೆ ಅಳುಕು ಇರುವುದಿಲ್ಲ ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಊರಲ್ಲಿ ಎದೆ ಸೆಟೆಸಿ ನಡೆಯುವವಳು ನಾನು, ಲ್ಯಾಬಿನ ಬಾಗಿಲು ದಾಟಿದ ಕೂಡಲೇ, ಇವತ್ತು ಯಾರಾದರೂ "ಇವಳನ್ನು ಒಳಗೆ ಬಿಟ್ಟವರು ಯಾರು?" ಅಂತ ಕೇಳಿಯೇ ಕೇಳುತ್ತಾರೆ ಅಂತ ಕಾಯುತ್ತಿದ್ದೆ.

ವಿಯೆಟ್ನಾಂನ ಬೆಟ್ಟದೂರಿನಲ್ಲಿ ಕಾಫಿ ಸಂಸ್ಕರಣೆಯ ತರಬೇತಿ ಇದೆ, ಹೋಗಬೇಕು ಅಂದಾಗ ನಮ್ಮ ಲ್ಯಾಬಿನ ಹಿರಿಯರಾದ ರುದ್ರಪ್ಪ ಸರ್ ಹೇಳಿದ್ದು ಇಷ್ಟೇ. "ನನಗೆ ಮಂಡಿನೋವು ಕಣಮ್ಮ. ನೀನು ಹೋಗಿ ಬಾ."

ಸರಿ, ಸರ್ ಬದಲಿಗೆ ನಾನು. ಹಾಗಂದುಕೊಂಡರೆ ಹೋಗುವುದು ಸುಲಭ ಇತ್ತು.

ಹೊರಡುವ ದಿನ ಬಸ್ ಸ್ಟ್ಯಾಂಡಿನ ಹೋಟೆಲಿನ ಮೊಯ್ದಿನಣ್ಣ ಗಲ್ಲಾದಿಂದಲೇ ಕೂಗಿದರು. "ಎಂತ ಮಾರಾಯ್ತಿ, ಕಾಫಿ ಕಲಿಯೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಹೋಟ್ಲಿಗೆ ಬಂದಿದ್ರೆ ಲೋಟ ತೊಳೆಯೋದ್ರಿಂದ ಶುರು ಮಾಡಿ ಎಲ್ಲ ಕಲಿಸ್ತಿದ್ದೆ."

"ನಿಮ್ ಕಾಫಿ ಕುಡಿದೇ ಓಡಿ ಹೋಗ್ತಿರೋದು ಮೊಯ್ದಿನಣ್ಣ," ಅಂದೆ. ಬಸ್ಸಿನವರೆಲ್ಲ ನಕ್ಕರು. ಊರಲ್ಲಿ ನನ್ನ ಬಾಯಿ ಹೀಗೇ ಇರುತ್ತೆ. ಅದನ್ನು ನಾನು ಕೊಟ್ಟಿಗೆಹಾರದಲ್ಲೇ ಬಿಟ್ಟು ಹೋಗಿದ್ದೆ ಅಂತ ಆಮೇಲೆ ಗೊತ್ತಾಯಿತು.

ಸೈಗಾನ್

ಈ ಊರಿಗೆ ಸರ್ಕಾರಿ ಹೆಸರು ಬೇರೆ ಇದೆ, ಜನ ಮಾತ್ರ ಸೈಗಾನ್ ಅಂತಲೇ ಕರೆಯುತ್ತಾರೆ. ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ದಸರಾ ಹಿಂದಿನ ದಿನ ಇರುವ ಬೈಕುಗಳನ್ನೆಲ್ಲ ಒಂದೇ ಸಿಗ್ನಲ್ಲಿಗೆ ತಂದು ನಿಲ್ಲಿಸಿದರೆ ಹೇಗೋ ಹಾಗೆ. ರಸ್ತೆ ದಾಟಲಾರದೆ ನಿಂತಿದ್ದೆ. ತರಕಾರಿ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ಮೊಣಕೈ ಹಿಡಿದು, ಬೈಕುಗಳ ಕಡೆ ತಿರುಗಿಯೂ ನೋಡದೆ, ಆಚೆ ದಡಕ್ಕೆ ದಾಟಿಸಿ ಹೋದಳು. ಓಡಬಾರದು, ನಿಲ್ಲಬಾರದು, ನಿಧಾನ ನಡೆಯುತ್ತಾ ಇರಬೇಕು, ಅವರೇ ಸುತ್ತಿಕೊಂಡು ಹೋಗುತ್ತಾರೆ. ಅದೇ ಅಲ್ಲಿನ ಪದ್ಧತಿ.

ಅಲ್ಲಿ ಕಾಫಿ ತರುವುದು ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರ್ ಕೂರಿಸಿ. ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಕೆಳಗೆ ಗಟ್ಟಿ ಹಾಲು ಕಾಯುತ್ತಾ ಇರುತ್ತದೆ. ನಾನು ತಾಳ್ಮೆಗೆಟ್ಟು ಫಿಲ್ಟರ್ ಎತ್ತಿದೆ. ಬಿಸಿ ಡಿಕಾಕ್ಷನ್ ಬೆರಳ ಮೇಲೆ. ಪಕ್ಕದ ಮೇಜಿನವರು "ಅಯ್ಯೋ" ಅನ್ನುವ ಅರ್ಥದ್ದೇನೋ ಅಂದರು. ಕಾಫಿ ಲ್ಯಾಬಿನವಳು ಕಾಫಿ ಫಿಲ್ಟರಿಗೆ ಸೋತಳು. ಬೆರಳನ್ನು ದುಪಟ್ಟದೊಳಗೆ ಬಚ್ಚಿಟ್ಟುಕೊಂಡೆ.

ದಲಾತ್

ಬಸ್ಸು ಬೆಟ್ಟ ಹತ್ತಿದ ಹಾಗೆ ಎದೆ ಸ್ವಲ್ಪ ಹಗುರಾಯಿತು. ತಿರುವುಗಳು ಗೊತ್ತಿದ್ದ ಹಾಗೆ ಇದ್ದವು. ಕಳಸದ ಕಡೆಯ ಚಳಿಗಾಲದ ಬೆಳಗಿನ ಹಾಗೆ ಮಂಜು. ಒಂದು ಮನೆಯ ಅಂಗಳದಲ್ಲಿ ಬಿದಿರು ತಟ್ಟಿಯ ಮೇಲೆ ತೆಳ್ಳಗೆ, ದುಂಡಗೆ, ಬೆಳ್ಳಗೆ ಏನೋ ಒಣಹಾಕಿದ್ದರು. ನಮ್ಮ ನೀರುದೋಸೆಯನ್ನು ಬಿಸಿಲಿಗೆ ಹಾಕಿದ್ದಾರಲ್ಲ ಅಂದುಕೊಂಡೆ. ಅದು ಅಕ್ಕಿಹಿಟ್ಟಿನ ಹಾಳೆ ಅಂತೆ. ನೆನೆಸಿ, ಸೊಪ್ಪು ಸುತ್ತಿ ತಿನ್ನುತ್ತಾರೆ. ಹಂದಿ, ಹಲಾಲ್ ಅಂತ ಕೇಳಿ ಕೇಳಿ ಸಾಕಾಗಿ, ಅಲ್ಲಿದ್ದಷ್ಟು ದಿನ ಆ ಹಾಳೆ, ಅನ್ನ, ಮೊಟ್ಟೆ, ಮೀನು ತಿಂದೇ ಬದುಕಿದೆ. ಅವರ ಮೀನಿನ ರಸದ ವಾಸನೆಗೆ ತರಬೇತಿಯ ಜೊತೆಯವರು ಮೂಗು ಮುಚ್ಚುತ್ತಿದ್ದರೆ, ನನಗೆ ಮಳೆಗಾಲದಲ್ಲಿ ನಮ್ಮನೆ ಒಲೆ ಮೇಲೆ ತೂಗುಹಾಕಿದ ಒಣಮೀನು ನೆನಪಾಗುತ್ತಿತ್ತು.

ತರಬೇತಿಗೆ ನಾಲ್ಕೈದು ದೇಶದವರು ಬಂದಿದ್ದರು. ಮೊದಲ ದಿನ ಎಲ್ಲರೂ ಎದ್ದುನಿಂತು ತಮ್ಮ ಬಗ್ಗೆ ಹೇಳಬೇಕು. ನನ್ನ ಸರದಿ ಬಂದಾಗ ಬಾಯಿಂದ ಬಂದದ್ದು, "ನಮ್ಮ ಸರ್ ಬರಬೇಕಿತ್ತು. ಅವರಿಗೆ ಮಂಡಿನೋವು. ಅದಕ್ಕೆ ನಾನು ಬಂದೆ." ರಸಾಯನಶಾಸ್ತ್ರ ಅನ್ನಲಿಲ್ಲ. ಅಬ್ಬ ಅನ್ನಲಿಲ್ಲ. ಊರಲ್ಲಿ ಕೇಳದವರಿಗೂ ಹೇಳುವ ಡಿಗ್ರಿಯನ್ನು ಅಲ್ಲಿ ಕೇಳಿದವರಿಗೂ ಹೇಳಲಿಲ್ಲ. ಮಂಡಿನೋವಿನ ಮಾತನ್ನೇ ಊಟದ ಮೇಜಿನಲ್ಲೂ ಇನ್ನೊಬ್ಬರಿಗೆ ಹೇಳಿದೆ. ಎರಡನೇ ದಿನಕ್ಕೆ ಎಲ್ಲರೂ ಸಿಕ್ಕಿದಾಗ ನನ್ನನ್ನು ಕೇಳುತ್ತಿದ್ದದ್ದು, "ನಿಮ್ಮ ಸರ್ ಮಂಡಿ ಹೇಗಿದೆ?"

ಕಲಿಸಲು ಬಂದವನು ಮಾರ್ಟಿನ್ ಅಂತ, ಯೂರೋಪಿನವನು. ಒಳ್ಳೆಯ ಮನುಷ್ಯ. ನಮಗೆಲ್ಲ ಹುಳಿ ಅಳೆಯುವ ಒಂದೊಂದು ಮೀಟರ್ ಕೊಟ್ಟ. ಸಿಪ್ಪೆ ತೆಗೆದ ಕಾಫಿ ಬೀಜದ ಮೇಲೆ ಲೋಳೆ ಇರುತ್ತದೆ. ತೊಟ್ಟಿಯಲ್ಲಿ ಬಿಟ್ಟರೆ ಅದು ಹುಳಿತು ಸಡಿಲವಾಗುತ್ತದೆ. ಆಗ ತೊಳೆಯಬೇಕು. ಬೇಗ ತೊಳೆದರೆ ಲೋಳೆ ಹೋಗದು, ತಡ ಮಾಡಿದರೆ ಕಾಫಿಯೇ ಹುಳಿ. ಮೀಟರ್ ಯಾವ ಅಂಕಿ ತೋರಿಸಿದಾಗ ತೊಳೆಯಬೇಕು ಅಂತ ಮಾರ್ಟಿನ್ ಬೋರ್ಡಿನ ಮೇಲೆ ಬರೆದ. ಬರೆದು ಹೇಳಿದ: "ಇದು ಬರೀ ಊರುಗೋಲು. ಕೊನೆಗೆ ನಿಮ್ಮ ಕೈ, ನಿಮ್ಮ ಮೂಗು."

ಆ ಮಾತನ್ನೂ ಬರೆದುಕೊಂಡೆ. ಆದರೆ ಅದು ಬೇರೆಯವರ ಕೈ, ಬೇರೆಯವರ ಮೂಗಿಗೆ ಹೇಳಿದ್ದು ಅಂತ ತಿಳಿದೆ.

ಲಾನ್ ಅಕ್ಕನ ಮನೆ

ದಲಾತ್‌ನಿಂದ ಆಚೆ, ಬೆಟ್ಟದ ಇಳಿಜಾರಿನ ಒಂದು ಹಳ್ಳಿಯಲ್ಲಿ ನಮಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಬೆಳೆಗಾರರನ್ನು ಒಪ್ಪಿಸಿದರು. ನನಗೆ ಸಿಕ್ಕಿದವಳು ಲಾನ್. ಭಾಷೆ ದಾಟಿಸಲು ಮಾಯ್ ಟೀಚರ್ ಇದ್ದರು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಅಗಲ ಟೋಪಿ, ಅದಕ್ಕಿಂತ ಅಗಲ ನಗು.

ಲಾನ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ವಯಸ್ಸು. ನನಗೆ ಮುಜುಗರ ಆಯಿತು. ಮಾಯ್ ಟೀಚರ್ ನಕ್ಕರು. "ಬೇಜಾರಾಗಬೇಡ. ವಯಸ್ಸು ಗೊತ್ತಾಗದೆ ನಾವು ಯಾರನ್ನೂ ಕರೆಯುವ ಹಾಗಿಲ್ಲ. ಅಕ್ಕನೋ ತಂಗಿಯೋ ಅತ್ತೆಯೋ, ಮೊದಲು ತೀರ್ಮಾನ ಆಗಬೇಕು."

"ನಮ್ಮಲ್ಲೂ ಹಾಗೇ ಟೀಚರ್. ಆದರೆ ನಾವು ಕೇಳುವುದಿಲ್ಲ, ಮುಖ ನೋಡಿ ಅಂದಾಜು ಮಾಡಿ ಬೈಸಿಕೊಳ್ಳುತ್ತೇವೆ."

ಲಾನ್ ನನಗಿಂತ ದೊಡ್ಡವಳು. ಹಾಗಾಗಿ ಅವಳು 'ಚಿ', ಅಂದರೆ ಅಕ್ಕ. ನಾನು 'ಎಮ್', ತಂಗಿ. ಆವತ್ತಿಂದ ಅವಳು ಎಮ್, ಎಮ್ ಅಂತ ಕೂಗಿದಾಗಲೆಲ್ಲ, ಆ ದೇಶದಲ್ಲಿ ಇದೊಂದು ಜಾಗಕ್ಕಾದರೂ ನಾನು ಸೇರಿದವಳು ಅನಿಸುತ್ತಿತ್ತು.

ಅವಳ ತೋಟ ಚಿಕ್ಕದು. ಅಲ್ಲಿಯವರೆಗೆ ಹಣ್ಣನ್ನು ಹಣ್ಣಾಗಿಯೇ ವ್ಯಾಪಾರಿಗೆ ಕೊಟ್ಟುಬಿಡುತ್ತಿದ್ದಳು. ಕಾಫಿ ಕುಡಿದವರಿಗೆ ಅದು ಅವಳ ತೋಟದ್ದು ಅಂತ ಯಾವತ್ತೂ ಗೊತ್ತಾಗಿರಲಿಲ್ಲ. ಈ ಸಲ ಮೊದಲ ಬಾರಿಗೆ, ಕೆಂಪಗೆ ಮಾಗಿದ ಹಣ್ಣನ್ನೇ ಆರಿಸಿ ತಾನೇ ಪಲ್ಪ್ ಮಾಡುತ್ತಾಳೆ. ತರಬೇತಿಯ ಕೊನೆಗೆ ರುಚಿ ನೋಡಲು ಸೈಗಾನಿನಿಂದ ಕಾಫಿ ಹುರಿಯುವವಳೊಬ್ಬಳು ಬರುತ್ತಾಳೆ. ಅವಳಿಗೆ ಹಿಡಿಸಿದರೆ ಲಾನ್‌ಳ ಕಾಫಿ ಲಾನ್‌ಳ ಹೆಸರಿನಲ್ಲೇ ಹೋಗುತ್ತದೆ.

"ಯಾವಾಗ ತೊಳೆಯಬೇಕು ಅಂತ ಎಮ್ ಹೇಳುತ್ತಾಳೆ," ಅಂದಳಂತೆ ಲಾನ್, ಪಕ್ಕದ ಮನೆಯವಳಿಗೆ. "ಇಂಡಿಯಾದಿಂದ ಬಂದಿದ್ದಾಳೆ. ಅವಳಿಗೆ ಗೊತ್ತು."

ಮಾಯ್ ಟೀಚರ್ ಆಗ ನನಗೆ ಒಂದು ಮಾತು ಕಲಿಸಿದರು. 'ರುವಾ ದಿ.' ತೊಳಿ ಅಂತ ಅರ್ಥ. ಅವರ ಭಾಷೆಯಲ್ಲಿ ದನಿ ಏರಿಸುವುದು ಇಳಿಸುವುದರಲ್ಲೇ ಎಲ್ಲ ಇದೆ. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಮಲಗುವ ಮೊದಲು ರುವಾ ದಿ, ರುವಾ ದಿ ಅಂತ ಅಭ್ಯಾಸ ಮಾಡಿದೆ. ತೊಟ್ಟಿಯ ಮುಂದೆ ನಿಂತು ನಾನು ಹೇಳಬೇಕಿದ್ದದ್ದು ಅದೊಂದೇ ಮಾತು.

ತೊಟ್ಟಿ

ಇಲ್ಲಿ ಒಂದು ವಿಷಯ ಹೇಳಬೇಕು. ಹುಳಿ ಅಳೆಯುವ ಮೀಟರನ್ನು ಬಳಸುವ ಮೊದಲು, ಹುಳಿ ಎಷ್ಟು ಅಂತ ಮೊದಲೇ ಗೊತ್ತಿರುವ ಒಂದು ದ್ರಾವಣದಲ್ಲಿ ಅದ್ದಿ ಸರಿಮಾಡಿಕೊಳ್ಳಬೇಕು. ಇಲ್ಲದಿದ್ದರೆ ಅದು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಚಿಕ್ಕಮಗಳೂರಿನಲ್ಲಿ ನಾನು ಬೆಳಿಗ್ಗೆ ಮಾಡುವ ಮೊದಲ ಕೆಲಸವೇ ಅದು. ನನಗೆ ಕೊಟ್ಟ ಡಬ್ಬಿಯಲ್ಲಿ ಆ ದ್ರಾವಣ ಇರಲಿಲ್ಲ. ಕೇಳೋಣ ಅಂತ ಬಾಯಿ ತೆರೆದೆ. ಬೇರೆ ಯಾರೂ ಕೇಳುತ್ತಿರಲಿಲ್ಲ. ಹಾಗಾದರೆ ಇದು ಬೇರೆ ತರದ ಮೀಟರ್ ಇರಬೇಕು, ಎಲ್ಲರಿಗೂ ಗೊತ್ತಿರುವುದನ್ನು ಕೇಳಿ ನಗೆಪಾಟಲಾಗುವುದು ಬೇಡ ಅಂತ ಬಾಯಿ ಮುಚ್ಚಿದೆ. ದ್ರಾವಣ ತರಬೇತಿಯ ಆಫೀಸಿನ ಕಪಾಟಿನಲ್ಲಿತ್ತು. ಉಳಿದವರು ಹಿಂದಿನ ದಿನವೇ ಮಾಯ್ ಟೀಚರನ್ನು ಕೇಳಿ ತೆಗೆದುಕೊಂಡಿದ್ದರು. ಇದು ಆಮೇಲೆ ಗೊತ್ತಾದದ್ದು.

ಸಂಜೆ ಲಾನ್ ಹಣ್ಣು ಪಲ್ಪ್ ಮಾಡಿ ತೊಟ್ಟಿಗೆ ಬಿಟ್ಟಳು. ಮಾರನೇ ದಿನ ಬೆಟ್ಟದ ಲೆಕ್ಕಕ್ಕೆ ಮೀರಿದ ಬಿಸಿಲು. ಮಧ್ಯಾಹ್ನಕ್ಕೆ ಇನ್ನೂ ಸಮಯ ಇದ್ದಾಗ ನಾನು ತೋಳು ಮಡಚಿ ತೊಟ್ಟಿಗೆ ಕೈ ಹಾಕಿದೆ. ಲೋಳೆ ಜಾರಿತ್ತು. ಮುಷ್ಟಿಯಲ್ಲಿ ಹಿಂಡಿದರೆ ಬೀಜ ಗರಗರ ಅಂದವು.

ಆ ಗರಗರ ನನಗೆ ಚಿಕ್ಕಂದಿನಿಂದ ಗೊತ್ತು. ಭಾನುವಾರಗಳಲ್ಲಿ ಅಬ್ಬನ ಸ್ಕೂಟರಿನ ಹಿಂದೆ ಕೂತು ಎಸ್ಟೇಟುಗಳಿಗೆ ಹೋಗುತ್ತಿದ್ದೆ. ಅಬ್ಬ ಪಲ್ಪರ್ ಬಿಚ್ಚುತ್ತಿದ್ದರೆ ನಾನು ತೊಟ್ಟಿಗಳಿಗೆ ಕೈ ಹಾಕುತ್ತಾ ಓಡಾಡುತ್ತಿದ್ದೆ. "ಹೊಳೆಕಲ್ಲು ತಿಕ್ಕಿದ ಹಂಗೆ ಸಿಕ್ತಾ? ಹಂಗಾದ್ರೆ ಮೇಸ್ತ್ರಿಗೆ ಹೇಳು, ತೊಳೀಲಿ," ಅನ್ನುತ್ತಿದ್ದರು. ಲಂಗ ತೊಟ್ಟ ಹುಡುಗಿ ಹೋಗಿ ಹೇಳುತ್ತಿದ್ದೆ. ಮೇಸ್ತ್ರಿ ನಗುತ್ತಾ ಕೈ ಹಾಕಿ ನೋಡಿ, ನೀರು ಬಿಡಿಸುತ್ತಿದ್ದರು.

ಒಂದು ಕೋಲು ತೆಗೆದುಕೊಂಡು ಬೀಜದ ನಡುವೆ ಚುಚ್ಚಿ ಎಳೆದೆ. ತೂತು ಮುಚ್ಚಿಕೊಳ್ಳದೆ ಹಾಗೇ ನಿಂತಿತು. ಅದೂ ಗುರುತೇ. ಮೀಟರ್ ಅದ್ದಿದೆ. ಬೋರ್ಡಿನ ಅಂಕಿ ಇನ್ನೂ ದೂರ ಇತ್ತು.

ಲಾನ್ ಕೈಯಲ್ಲಿ ನೀರಿನ ಪೈಪ್ ಹಿಡಿದು ನಿಂತಿದ್ದಳು. "ಆಯ್ತಾ ಅಂತ ಕೇಳುತ್ತಿದ್ದಾಳೆ," ಅಂದರು ಮಾಯ್ ಟೀಚರ್.

ನಾನು ಕೈ ನೋಡಿದೆ, ಮೀಟರ್ ನೋಡಿದೆ. ನನ್ನ ಕೈ ಅಂದರೆ ಕೊಟ್ಟಿಗೆಹಾರದ ಮೆಕ್ಯಾನಿಕ್ ಮಗಳ ಕೈ. ಮೀಟರ್ ಅಂದರೆ ಓದಿದವರದ್ದು. ಓದಿದವಳೂ ನಾನೇ ಅನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

"ಸ್ವಲ್ಪ ಇರಲಿ. ಮಾರ್ಟಿನ್ ಬರಲಿ," ಅಂದೆ.

ಮಾರ್ಟಿನ್ ಬೇರೆ ಹಳ್ಳಿಗೆ ಹೋಗಿದ್ದ. ಫೋನ್ ಸಿಗಲಿಲ್ಲ. ಲಾನ್ ಪೈಪನ್ನು ಕೆಳಗಿಡಲಿಲ್ಲ. ಊಟಕ್ಕೆ ಕರೆದಾಗಲೂ ಮಡಿಲ ಪಕ್ಕದಲ್ಲಿ ಇಟ್ಟುಕೊಂಡೇ ಕೂತಳು. ಬಿಸಿಲು ತಿರುಗಿತು. ತೊಟ್ಟಿಯಿಂದ ಬರುತ್ತಿದ್ದ ಮಾಗಿದ ಹಣ್ಣಿನ ಘಮ ನಿಧಾನಕ್ಕೆ ಬದಲಾಗಿ, ಮರದಡಿ ಬಿದ್ದು ಕೊಳೆಯುವ ಹಲಸಿನ ಹಣ್ಣಿನ ವಾಸನೆ ಬಂತು. ಲಾನ್ ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ "ಸ್ವಲ್ಪ ಇರಲಿ" ಅಂದೆ. ಮೂಗಿಗೂ ಗೊತ್ತಾಗಿತ್ತು. ಬಾಯಲ್ಲಿ ರುವಾ ದಿ ಸಿದ್ಧವಾಗಿ ಕೂತಿತ್ತು.

ಸಂಜೆ ಮಾರ್ಟಿನ್ ಬಂದವನೇ ಮೂಗು ಅರಳಿಸಿದ. ಕೈ ಹಾಕಿದ. ಮುಖ ಸಣ್ಣದಾಯಿತು.

"ಕೈ ಹಾಕಿ ನೋಡಲಿಲ್ಲವಾ?"

"ಮೀಟರಿನಲ್ಲಿ ಅಂಕಿ ಬಂದಿರಲಿಲ್ಲ," ಅಂದೆ. ಅದು ಅವನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ. ಗೊತ್ತಿಲ್ಲದವಳು ಅನಿಸಿಕೊಳ್ಳುವುದೇ ವಾಸಿ, ಗೊತ್ತಿದ್ದೂ ಸುಮ್ಮನಿದ್ದವಳು ಅನಿಸಿಕೊಳ್ಳುವುದಕ್ಕಿಂತ.

ಲಾನ್ ತೊಳೆದಳು. ನೀರು ತಿಳಿಯಾದ ಮೇಲೂ ತೊಳೆದಳು. ಒಂದು ಹಿಡಿ ಬೀಜ ಮೂಗಿಗೆ ಹಿಡಿದು ನೋಡಿ ಮತ್ತೆ ತೊಳೆದಳು. ನಾನು ನೆರವಿಗೆ ಹೋದರೆ ಬೇಡ ಅನ್ನಲಿಲ್ಲ, ಜಾಗವನ್ನೂ ಬಿಡಲಿಲ್ಲ.

ರುಚಿಯ ಮೇಜು

ಕಾಫಿ ಒಣಗಿತು. ಕೊನೆಯ ವಾರ ಹುರಿದು, ಪುಡಿ ಮಾಡಿ, ಬಟ್ಟಲುಗಳಲ್ಲಿ ಬಿಸಿನೀರು ಹಾಕಿ ಸಾಲಾಗಿ ಇಟ್ಟರು. ಬಟ್ಟಲಿನ ಮುಂದೆ ಬೆಳೆಗಾರರ ಹೆಸರು. ಬೆಳೆಗಾರರೆಲ್ಲ ಹಬ್ಬದ ಬಟ್ಟೆ ತೊಟ್ಟು ಗೋಡೆಗೆ ಒರಗಿ ನಿಂತಿದ್ದರು. ಲಾನ್ ಹಸಿರು ರೇಷ್ಮೆಯ ಅಂಗಿ ಹಾಕಿದ್ದಳು.

ಸೈಗಾನಿನವಳು ಚಮಚದಲ್ಲಿ ಸುರ್ ಅಂತ ಹೀರುತ್ತಾ ಬಂದಳು. ಲಾನ್‌ಳ ಬಟ್ಟಲಿನ ಹತ್ತಿರ ಹೀರಿ, ಉಗುಳಿ, ಚಮಚ ತೊಳೆದಳು. "ವಿನೆಗರ್," ಅಂದಳು. ಅಷ್ಟೇ.

ತರಬೇತಿಯ ಒಬ್ಬ ಮೆಲ್ಲಗೆ ನಕ್ಕು ಅಂದ, "ಮೊದಲ ಸಲ ಮಾಡುವವರ ಕತೆ ಇದೇ. ಯಾರ ಮಾತೂ ಕೇಳುವುದಿಲ್ಲ."

ಮಾಯ್ ಟೀಚರ್ ಅದನ್ನು ಲಾನ್‌ಗೆ ದಾಟಿಸಲಿಲ್ಲ. ಆದರೆ ನಗು ದಾಟುವುದಕ್ಕೆ ಯಾರೂ ಬೇಕಿಲ್ಲ. ಲಾನ್ ತಲೆ ತಗ್ಗಿಸಿ ಅಂಗಿಯ ತುದಿ ಸರಿಮಾಡಿಕೊಂಡಳು.

"ಅವಳು ಮಾತು ಕೇಳಿದ್ದರಿಂದಲೇ ಹೀಗಾದದ್ದು," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಪೈಪ್ ಹಿಡಿದು ಮಧ್ಯಾಹ್ನಕ್ಕೂ ಮೊದಲಿಂದ ನಿಂತಿದ್ದಳು. ಬೇಡ ಅಂದವಳು ನಾನು. ಮೀಟರನ್ನು ಸರಿಮಾಡಿಕೊಂಡಿರಲಿಲ್ಲ, ದ್ರಾವಣ ಎಲ್ಲಿದೆ ಅಂತ ಕೇಳಲು ನಾಚಿದೆ. ಕೈ ಹಾಕಿ ನೋಡಿದ್ದೆ, ಮಾರ್ಟಿನ್. ಆಗಿತ್ತು ಅಂತ ಗೊತ್ತಿತ್ತು. ಹಣ್ಣು ಚೆನ್ನಾಗಿತ್ತು. ಈ ಸಾಲಿನಲ್ಲೇ ಅಷ್ಟು ಚೆನ್ನಾಗಿ ಆರಿಸಿದ ಹಣ್ಣು ಬೇರೆ ಇರಲಿಲ್ಲ."

ಸೈಗಾನಿನವಳು ನನ್ನನ್ನು ನೋಡಿ, "ಮುಂದಿನ ಕೊಯ್ಲಿಗೆ ನೋಡೋಣ," ಅಂದಳು. ನಮ್ಮಲ್ಲಿ ಹೆಣ್ಣು ನೋಡಿ ಹೋದವರು ಹೇಳುವ ಹಾಗೆ. ಆಮೇಲೆ ಪಕ್ಕದ ಬಟ್ಟಲಿಗೆ ಹೋದಳು.

ಉಳಿದ ಬಟ್ಟಲುಗಳ ರುಚಿ ನೋಡಿ ನಾನೂ ಬಾಯಿ ಬಿಟ್ಟೆ. ಇದಕ್ಕೆ ಗೋಣಿಚೀಲದ ವಾಸನೆ ಇದೆ, ಇದನ್ನು ಹಸಿ ಇರುವಾಗಲೇ ರಾಶಿ ಹಾಕಿದ್ದಾರೆ, ಇದು ಶುದ್ಧ. ಸೈಗಾನಿನವಳು ಎರಡು ಸಲ ಹಿಂದೆ ಬಂದು ಮತ್ತೆ ಹೀರಿ, ಹೌದು ಅಂತ ತಲೆ ಆಡಿಸಿದಳು. ಮಾರ್ಟಿನ್ ಬರೆದುಕೊಂಡ. ಖುಷಿ ಆಗಬೇಕಿತ್ತು. ನನ್ನ ಮಾತಿಗೆ ತೂಕ ಇದೆ ಅಂತ ಗೊತ್ತಾದಷ್ಟೂ, ಆ ಮಧ್ಯಾಹ್ನ ಇನ್ನಷ್ಟು ಚುಚ್ಚಿತು. ತೂಕ ಆವತ್ತೂ ಇತ್ತಲ್ಲ.

ಹೊರಡುವ ಮೊದಲು ಲಾನ್ ಮನೆಗೆ ಹೋದೆ. ಚಹಾ ಕೊಟ್ಟಳು. ಏನೋ ಹೇಳಿದಳು. ಮಾಯ್ ಟೀಚರ್ ಅದನ್ನು ದಾಟಿಸದೆ ಟೋಪಿ ಸರಿಮಾಡಿಕೊಂಡರು.

"ಹೇಳಿ ಟೀಚರ್."

"ಪೂರ್ತಿ ಹೇಳಲಾ?"

"ಪೂರ್ತಿ."

"ಗೊತ್ತಿಲ್ಲದವರು ಕೆಡಿಸಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ, ಅಂತಿದ್ದಾಳೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಅಂತ ಕೇಳುತ್ತಿದ್ದಾಳೆ."

ಚಹಾದ ಲೋಟ ಕೆಳಗಿಟ್ಟು ಎದ್ದೆ. ಲಾನ್ ಅಂಗಳದ ಕೊನೆಯವರೆಗೂ ಬಂದು ಬೀಳ್ಕೊಟ್ಟಳು, ಕೈ ಮುಗಿದಳು. ಆದರೆ ಕರೆಯುವಾಗ ಎಮ್ ಅನ್ನಲಿಲ್ಲ. 'ಕೊ' ಅಂದಳು. ಟೀಚರ್ ಕೇಳದೆಯೇ ಅದರ ಅರ್ಥ ಹೇಳಿದರು: ಮೇಡಂ ಅಂದ ಹಾಗೆ.

ಚಿಕ್ಕಮಗಳೂರು

"ಸರ್, ಮಂಡಿ ಹೇಗಿದೆ?" ಅಂತ ರುದ್ರಪ್ಪ ಸರ್‌ನ ಕೇಳಿದೆ.

"ಮಂಡಿಗೆ ಎಂತ ಆಗಿತ್ತು?" ಅಂದವರು ನಾಲಿಗೆ ಕಚ್ಚಿಕೊಂಡರು.

ತರಬೇತಿಗೆ ಅವರು ಮೊದಲಿಂದಲೂ ಕೊಟ್ಟದ್ದು ನನ್ನ ಹೆಸರನ್ನೇ. "ಆ ಲೋಳೆ, ತೊಟ್ಟಿ ನಿಂಗೆ ಗೊತ್ತಿರೋವಷ್ಟು ನಂಗೆ ಗೊತ್ತಿಲ್ಲಮ್ಮ. ನಾನು ಪೇಟೆಯಲ್ಲಿ ಅಂಗಡಿ ಇಟ್ಟವರ ಮಗ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೊದಲೇ ಹೇಳಬಾರದಿತ್ತಾ ಸರ್? ನಿಮ್ಮ ಬದಲಿಗೆ ಅಂತ ಹೋದೆ ನಾನು. ಅಲ್ಲಿ ಇದ್ದಷ್ಟೂ ದಿನ ನಿಮ್ಮ ಬದಲಿಗೇ ಇದ್ದೆ."

"ನಿನ್ನನ್ನೇ ಆರಿಸಿದ್ದಾರೆ ಅಂದಿದ್ರೆ ಹೋಗ್ತಿದ್ಯಾ?"

ನಾನು ಮೀಟರ್ ತೆಗೆದು ದ್ರಾವಣದಲ್ಲಿ ಅದ್ದಿದೆ.

ಮಲ್ಲಂದೂರು

ಈ ವರ್ಷದ ಕೊಯ್ಲು ಶುರುವಾದಾಗ ಮಾಯ್ ಟೀಚರಿಗೆ ಫೋನ್ ಮಾಡಿದೆ. ಲಾನ್ ತೊಟ್ಟಿಗೆ ಈ ಸಲ ಯಾರು ಬರುತ್ತಾರೆ, ಫೋನಿನಲ್ಲೇ ನಾನು ಏನಾದರೂ ಹೇಳಬಹುದಾ ಅಂತ ಕೇಳಿದೆ. "ತೊಟ್ಟಿಯಲ್ಲಿ ಸೌದೆ ಪೇರಿಸಿದ್ದಾಳೆ," ಅಂದರು ಟೀಚರ್. "ಹಣ್ಣನ್ನೇ ವ್ಯಾಪಾರಿಗೆ ಕೊಟ್ಟಳು. ಮೊದಲಿನ ಹಾಗೆ."

ಮರುವಾರ ಮಲ್ಲಂದೂರಿನ ಒಂದು ಎಸ್ಟೇಟಿಗೆ ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುವ ರೈಟರ್ ತೊಟ್ಟಿಯ ಪಕ್ಕದಲ್ಲಿ ಪೈಪ್ ಹಿಡಿದು ನಿಂತಿದ್ದರು. ಬ್ಯಾಗಿನಿಂದ ದ್ರಾವಣದ ಶೀಶೆ ತೆಗೆದು ಮೀಟರ್ ಸರಿಮಾಡಿಕೊಂಡೆ. ಈಗ ಅದು ಯಾವಾಗಲೂ ಬ್ಯಾಗಿನಲ್ಲೇ ಇರುತ್ತದೆ. ಆ ಕೋಟನ್ನೇ ಹಾಕಿದ್ದೆ, ಕಲೆ ಹಾಗೇ ಇದೆ. ತೋಳು ಮಡಚಿ ಕೈ ಹಾಕಿ ಹಿಂಡಿದೆ. ಗರಗರ.

"ಮೀಟರ್ ಎಂತ ಹೇಳುತ್ತೆ ಮೇಡಂ?" ಅಂದರು ರೈಟರ್.

ಮೀಟರ್ ಇನ್ನೂ ಅದ್ದಿರಲಿಲ್ಲ.

"ರುವಾ ದಿ," ಅಂದೆ. ಕಲಿಸಿಕೊಟ್ಟ ಹಾಗೇ, ದನಿ ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ.

"ಎಂತ ಅಂದ್ರಿ?"

"ತೊಳೀರಿ ಅಂದೆ."

ಅವರು ನೀರು ಬಿಟ್ಟರು.